ಅವ್ವನ ಹಂಚು, ನಮ್ಮಿಬ್ಬರ ರಕ್ತ

ಸಿರಿಂಜ್ ಹಿಡಕೊಂಡು ಊರಾಗ ಹೊಕ್ಕರ ಸಾಕು, ನಗೋ ಪ್ರಸಂಗ ತಾವೇ ಎದುರಿಗೆ ಬರತಾವ. ನಾನು ಕೊಪ್ಪಳದಾಗ ಲ್ಯಾಬ್ ಟೆಕ್ನಿಷಿಯನ್. ಒಂದೇ ಗಡಿಗ್ಯಾಗ ಉಂಡರೂ ಒಬ್ಬರ ರಕ್ತದಾಗ ಕಬ್ಬಿಣ ಹೆಚ್ಚು, ಇನ್ನೊಬ್ಬರದು ಕಡಿಮಿ. ಅದರಾಗ ಹೆತ್ತವರಿಂದ ಬಂದ ಗುಣ ಎಷ್ಟು ಅಂತ ನೋಡೋ ಕೆಲಸ ನಮ್ಮದು. ಅದಕ್ಕ ಒಡಹುಟ್ಟಿದವರು ಇಬ್ಬಿಬ್ಬರು ಕೂಡಿ ಬರಬೇಕು. ಅವರನ್ನ ನೋಡಿದಾಗೆಲ್ಲ ನನಗ ಅಕ್ಕ ನೆನಪಾಗತಿದ್ಲು. ಗಂಗಾವತಿಯ ನನ್ನ ಅಕ್ಕನ ಕೂಡ ಮೂರು ವರ್ಷದಿಂದ ಮಾತಿಲ್ಲ. ಕಾರಣ ಏನಂದ್ರ, ಅವ್ವ ಸತ್ತಾಗ ರೊಟ್ಟಿ ಬೇಯಿಸೋ ಕಬ್ಬಿಣದ ಹಂಚು ಆಕಿ ಒಯ್ದಿದ್ಲು. ನನಗೂ ಅದೇ ಬೇಕಾಗಿತ್ತು.

೧. ಬೆಳ್ಳಿ ಕಡಗ

ಇರಕಲ್ಲಗಡದಾಗ ಒಬ್ಬ ಅಜ್ಜಿ, ರಕ್ತದಾಗಿನ ಲೋಹ ನೋಡ್ತಾರಂತ ಕೇಳಿ, ಮೂಗುತಿ, ಕಡಗ, ಕಾಲುಂಗುರ ಎಲ್ಲಾ ತಗದು ತಂಗಿ ಉಡಿಯಾಗ ಹಾಕಿದ್ಲು.

"ಯಾಕಬೇ?" ಅಂದೆ.

"ಇವೂ ಕೂಡಿ ಬಂದ್ರ ಸುಳ್ಳ ಹೆಚ್ಚಾಕೈತಿ, ಯವ್ವಾ."

ತಂಗಿ ಸರದಿ ಬಂತು. ಆಕಿ ಕೈ ಕೊಡವಲ್ಲಳು. "ನಂದು ಹೆಂಗ ನೋಡ್ತಿ? ಅಕ್ಕಂದೂ ನನ್ನ ಮೈಮ್ಯಾಲೇ ಐತಲ್ಲ!"

೨. ತೊಡಿಯಾಗಿನ ರಾಡ್

ಕುಷ್ಟಗಿ ಕಾಕಾ ಒಬ್ಬರಿಗೆ ತಮ್ಮನಕಿಂತ ಕಬ್ಬಿಣ ಕಡಿಮಿ ಬಂತು. ಸಿಟ್ಟಿಗೆದ್ರು. "ಬಿದ್ದು ಕಾಲು ಮುರಕೊಂಡಾಗಿಂದ ತೊಡಿಯಾಗ ಗೇಣುದ್ದ ರಾಡ್ ಐತಿ! ಇನ್ನೊಮ್ಮೆ ನೋಡ್ರಿ."

"ರಾಡಿಗೂ ರಕ್ತಕ್ಕೂ ಸಂಬಂಧ ಇಲ್ರಿ, ಕಾಕಾ."

ತಮ್ಮ ಅಂದ: "ಅಣ್ಣ ಮೊದಲಿಂದ ಹಿಂಗೇ ರೀ. ತನ್ನ ಕಡೆ ಇಟ್ಕೊಂಡಿದ್ದು ಸ್ವಂತ ರಕ್ತಕ್ಕೂ ಕೊಡಂಗಿಲ್ಲ."

ಇಬ್ಬರೂ ಒಂದೇ ಬೈಕ್ ಮ್ಯಾಲ ನಕ್ಕೋತ ಹೋದ್ರು. ಅದನ್ನ ನೋಡಿ ಅಕ್ಕನ ಕೂಡ ಮಾತಾಡದ ಇರಾಕ ನನಗ ಆಗಲಿಲ್ಲ.

೩. ನಂದು, ಅಕ್ಕಂದು

ಅಕ್ಕಗ ಫೋನ್ ಹಚ್ಚಿದೆ. "ನಮ್ಮ ಕೆಲಸಕ್ಕ ಅಕ್ಕ-ತಂಗಿ ಕಡಿಮಿ ಬಿದ್ದಾರ" ಅಂತ ಸುಳ್ಳ ಹೇಳಿದೆ.

"ಕೆಲಸಕ್ಕಂತ ಬರತೀನಿ, ನಿನ್ನ ಸಲುವಾಗಿ ಅಲ್ಲ" ಅಂದ್ಲು. ಬಂದು ರಕ್ತ ಕೊಟ್ಟು, ನೀರೂ ಕುಡೀದೆ ಹೋದ್ಲು.

ವಾರದ ಮ್ಯಾಲ ರಿಸಲ್ಟ್ ಕೇಳಾಕ ತಾನೇ ಬಂದ್ಲು, ಬಗಲಾಗ ಹಂಚು! ನನ್ನ ರಕ್ತಾನೂ ನೋಡಿದ್ದೆ; ನಮ್ಮಿಬ್ಬರದೂ ಕಬ್ಬಿಣ ಕಡಿಮಿ ಅಂದೆ.

"ಮೂರು ವರ್ಷ ಇದರ ಮ್ಯಾಲೇ ರೊಟ್ಟಿ ಬೇಯಿಸೀನಿ, ಎಲ್ಲಿ ಹೋತ ಕಬ್ಬಿಣ? ತಗೋ ನಿನ್ನ ಹಂಚು!"

"ಇದು ಅವ್ವನ ಕಡಿಂದ ಬಂದಿರಬೇಕು ಅಕ್ಕಾ. ನಾಕು ಮೆಟ್ಟಲ ಹತ್ತಿದ್ರ ಆಕಿಗೂ ತೇಕು ಬರತಿತ್ತಲ್ಲ."

ಅಕ್ಕನ ಕಣ್ಣಾಗ ನೀರು ಬಂತು. ನನಗೂ ಬಂತು. ಎಷ್ಟು ನೆನಸಿದ್ದೆ ಈ ಮುಖಾನ! ಸೆರಗಿಲೆ ಕಣ್ಣೊರಸಿಕೊಂಡು ನನ್ನ ಕೈಯಾಗಿನ ರಿಸಲ್ಟ್ ಕಾಗದ ಕಸಕೊಂಡ್ಲು.

"ಯಾರದು ಭಾಳ ಕಡಿಮಿ?"

"ನಂದು."

"ಗೊತ್ತಿತ್ತು ಬಿಡು! ಸಣ್ಣಾಕಿ ಅಂತ ಅವ್ವ ಯಾವಾಗ್ಲೂ ಎಲ್ಲಾ ನಿನಗೇ ಹೆಚ್ಚಿಗಿ ಕೊಡತಿದ್ಲು, ಈ ಕಡಿಮೀನೂ!"