ಮೀನು ಮುಟ್ಟದವನ ಅರ್ಜಿ

ಬಾಳವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮಗ ನಾಗಲಿಂಗ ಎದುರಿಗೆ ಕುಳಿತು ಹರಳು ಆರಿಸುತ್ತಿದ್ದ. ಆರಿಸಿದ ಹರಳನ್ನು ಎಲ್ಲರಂತೆ ಅಂಗಳಕ್ಕೆ ಎಸೆಯದೆ, ಬಿಳಿಯವು ಒಂದು ಕಡೆ, ಕರಿಯವು ಒಂದು ಕಡೆ, ಮಣ್ಣಿನ ಹೆಂಟೆ ಇನ್ನೊಂದು ಕಡೆ ಎಂದು ಗುಂಪು ಮಾಡಿ, ಪ್ರತಿ ಗುಂಪಿನ ಪಕ್ಕಕ್ಕೆ ಸುಣ್ಣದ ಕಡ್ಡಿಯಿಂದ ಸಂಖ್ಯೆ ಬರೆದಿದ್ದ.

"ಹರಳನ್ನೂ ಎಣಸ್ತೀಯೇನೋ?" ಎಂದಳು ಬಾಳವ್ವ.

"ರೂಢಿ ಬಿದ್ದೈತವ್ವಾ."

ಎಣಿಸುವ ರೂಢಿ ಎಲ್ಲಿ ಬಿತ್ತೆಂಬುದು ಬಾಳವ್ವನಿಗೆ ಗೊತ್ತಿತ್ತು. ಶಿವಬಸವ ನಗರದ ಆ ಓಣಿಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ನಾಗಲಿಂಗನಿಗೆ ಗೋವೆಯ ಬಂದರಿನಲ್ಲಿ ಸರಕಾರಿ ನೌಕರಿ, ಅಲ್ಲಿ ಲೆಕ್ಕ ಬರೆಯುತ್ತಾನೆ ಎಂದಷ್ಟೇ ಅವಳು ಹೇಳಿದ್ದಳು. ಯಾತರ ಲೆಕ್ಕವೆಂದು ಯಾರೂ ಕೇಳಿರಲಿಲ್ಲ. ಅದು ಮೀನಿನ ಲೆಕ್ಕ. ಮೇಲೆ ತೇಲುವ ಮೀನೂ ಅಲ್ಲ, ಕಡಲಿನ ತಳದಲ್ಲಿ ಕೆಸರಿಗೆ ಹೊಟ್ಟೆ ತಾಗಿಸಿಕೊಂಡು ಬದುಕುವ ಮೀನು. ಸರ್ವೆ ಹಡಗು ಗೊತ್ತು ಮಾಡಿದ ಜಾಗಕ್ಕೆ ಹೋಗಿ, ತಳಕ್ಕೆ ಬಲೆ ಬಿಟ್ಟು, ಸರಿಯಾಗಿ ಒಂದು ತಾಸು ಎಳೆಯುತ್ತಿತ್ತು. ಮೇಲೆ ಬಂದದ್ದನ್ನು ಜಾತಿವಾರು ಬೇರೆ ಮಾಡಿ, ಎಣಿಸಿ, ತೂಗಿ, ಎಷ್ಟು ಆಳದಲ್ಲಿ ಯಾವ ಮೀನು ಎಷ್ಟಿದೆ ಎಂದು ಬರೆಯುವುದು ನಾಗಲಿಂಗ ಮತ್ತು ಅವನ ಜೊತೆಗಾರರ ಸರದಿಯ ಕೆಲಸ.

ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನುಷ್ಯ ಮೂರು ವರ್ಷದಿಂದ ಮೊಣಕಾಲುದ್ದ ಮೀನಿನಲ್ಲಿ ನಿಂತಿದ್ದ. ಹಡಗು ಎಡಕ್ಕೆ ವಾಲಿದರೆ ಅವನ ಹೊಟ್ಟೆ ಬಲಕ್ಕೆ ವಾಲುತ್ತಿತ್ತು. ಉಳಿದವರೆಲ್ಲ ಅಡುಗೆಯ ಸತ್ಯಪ್ಪ ಹುರಿದ ಪಾಪ್ಲೆಟ್ ಮೀನು ಚಪ್ಪರಿಸುವಾಗ ಇವನು ಗಾಳಿ ಬರುವ ಮೂಲೆಯಲ್ಲಿ ಕುಳಿತು ಅವ್ವ ಕಟ್ಟಿಕೊಟ್ಟ ಕಟಕರೊಟ್ಟಿ ಮುರಿಯುತ್ತಿದ್ದ.

ದಡದ ಕಚೇರಿಯಲ್ಲಿ ಒಂದು ಮೇಜು ಕೊಡಿರೆಂದು ಅರ್ಜಿ ಬರೆದು ಹದಿನಾಲ್ಕು ತಿಂಗಳಾಗಿತ್ತು. ಸರ್ವೆಯ ಮೇಲಧಿಕಾರಿ ಕಾಮತ ಸಾಹೇಬರು ಆಗಲೇ ಹೇಳಿದ್ದರು: ನೀನು ಖಂಡಿತ ಮೀನು ತಿನ್ನುವವನಲ್ಲ ಎಂದು ಊರಿನ ಇಬ್ಬರು ಹಿರಿಯರಿಂದ ಬರೆಸಿ, ಟಪಾಲಿನಲ್ಲಿ ಕಳಿಸು, ಕೈಯಲ್ಲಿ ಕೊಟ್ಟ ಕಾಗದಕ್ಕೆ ಕಚೇರಿಯಲ್ಲಿ ನಂಬರು ಬೀಳುವುದಿಲ್ಲ. ಆದರೆ ಹಿರಿಯರಿಂದ ಬರೆಸಬೇಕಾದರೆ ಮೀನಿನ ಸಂಗತಿ ಹೇಳಬೇಕಲ್ಲ. ಆ ನಾಚಿಕೆಗೆ ಅರ್ಜಿ ಟ್ರಂಕಿನ ತಳ ಸೇರಿತ್ತು.

ಈ ಸಲ ರಜೆಗೆ ಹೊರಡುವಾಗ ಸಾಹೇಬರು ಲೆಕ್ಕದ ಹಾಳೆಗಳನ್ನು ಹರಡಿಕೊಂಡು ಕೆಂಪಗಾಗಿದ್ದರು. ಅದೇ ಜಾಗ, ಅದೇ ಆಳ. ಒಂದು ದಿನ ಹತ್ತು ಕಿಲೋ ಇದ್ದ ಪಾಪ್ಲೆಟ್ ಮರುದಿನ ನಾಲ್ಕು ಕಿಲೋ ಹೇಗಾಗುತ್ತದೆ ಎಂದು ಕೇಳಿದ್ದರು. ಹಡಗಿನವರೆಲ್ಲ ಆಕಾಶ ನೋಡಿದ್ದರು. ಕೊನೆಗೆ ನಾಗಲಿಂಗನ ಕಡೆಗೆ ತಿರುಗಿ, "ನಿನ್ನ ಕಾಗದ ಸೋಮವಾರದೊಳಗೆ ಬರಬೇಕು. ಅವತ್ತು ಯಾರು ಎಲ್ಲಿ ಅಂತ ಪಟ್ಟಿ ಮಾಡ್ತೇನೆ" ಎಂದಿದ್ದರು.

ಇವತ್ತು ಶನಿವಾರ. ಕಾಗದ ಇವತ್ತು ಟಪಾಲಿಗೆ ಬೀಳದಿದ್ದರೆ ಮತ್ತೆ ನಾಲ್ಕು ತಿಂಗಳು ಕಡಲು.

ನಾಗಲಿಂಗ ಕೈ ಝಾಡಿಸಿಕೊಂಡು ಎದ್ದು ಬಾಜು ಮನೆಯ ಬಸಯ್ಯನವರ ಪಡಸಾಲೆಗೆ ಹೋದ. ಬಸಯ್ಯನವರು ನಿವೃತ್ತ ಸಾಲಿ ಮಾಸ್ತರರು. ಓಣಿಯ ಅರ್ಜಿ, ಲಗ್ನಪತ್ರಿಕೆ, ಜಗಳ ಎಲ್ಲ ಅವರ ಕೈಯಿಂದಲೇ ಆಗಬೇಕು. ನಾಗಲಿಂಗ ನೆಲ ನೋಡುತ್ತ ಮೂರು ವರ್ಷದ ಗುಟ್ಟನ್ನು ಒಂದೇ ಉಸಿರಿನಲ್ಲಿ ಹೇಳಿದ. ಬೈಗುಳಕ್ಕೆ ತಲೆ ಬಗ್ಗಿಸಿ ನಿಂತ.

ಬಸಯ್ಯನವರು ಕನ್ನಡಕ ಒರೆಸಿಕೊಂಡರು. "ಅದಕ್ಯಾಕ ತೆಲಿ ಬಗ್ಗಸ್ತಿ, ತಮ್ಮಾ? ಕಾಯಕದಾಗ ಮ್ಯಾಲಿಂದು ಕೆಳಗಿಂದು ಅಂತ ಐತೇನು? ನಿನಗ ತ್ರಾಸ ಐತಿ ಅಂತ ನಾ ಬರಿಯಾಂವಲ್ಲ. ನೀ ತಿನ್ನೂದಿಲ್ಲ ಅನ್ನೂದು ಖರೇ, ಅದನ್ನ ಬರೀತೀನಿ. ಮೊದಲ ಹೇಳು, ತಳದಾಗಿನ ಮೀನಾ ಎಣಸೂದು ಹೆಂಗ?"

ಗೋಡೆಯಾಚೆ ಹಪ್ಪಳ ಒಣಹಾಕುತ್ತಿದ್ದ ಸಾತವ್ವನ ಕಿವಿಗೆ ಇದು ಬಿತ್ತು. ಸಾತವ್ವನ ಕಿವಿಗೆ ಬಿದ್ದದ್ದು ಓಣಿಯ ಆ ತುದಿ ಮುಟ್ಟಲು ಹಪ್ಪಳ ಮಗುಚುವಷ್ಟು ಹೊತ್ತೂ ಬೇಕಾಗಲಿಲ್ಲ. ಅರ್ಧ ತಾಸಿನಲ್ಲಿ ಬಾಳವ್ವನ ಅಂಗಳದಲ್ಲಿ ಇಪ್ಪತ್ತು ಜನ. ಯಾರ ಮುಖದಲ್ಲೂ ಸಿಟ್ಟಿಲ್ಲ. ಚಪ್ಪಟೆಯಾಗಿ ತಳಕ್ಕೆ ಅಂಟಿಕೊಂಡಿರುವ ನಂಗು ಎಂಬ ಮೀನಿಗೆ ಎರಡೂ ಕಣ್ಣು ಒಂದೇ ಮಗ್ಗಲಿಗೆ ಇರುತ್ತವೆ ಎಂದು ನಾಗಲಿಂಗ ಹೇಳಿದ್ದಕ್ಕೆ ಸಾತವ್ವ ಗಲ್ಲಕ್ಕೆ ಕೈ ಹಚ್ಚಿ ಕುಳಿತಳು.

"ಹಂಗಾರ ಬೆನ್ನ ಹಿಂದ ಯಾರರ ಆಡಿಕೊಂಡ್ರ ಅದಕ್ಕ ತಿಳಿಯೂದs ಇಲ್ಲ. ಪುಣ್ಯವಂತ ಜೀವ ಬಿಡಪ್ಪಾ" ಎಂದಳು.

ಸರ್ವೆ ಮಾಡಿ ತೋರಿಸದ ಹೊರತು ಬರೆದುಕೊಡಲಾರೆನೆಂದು ಬಸಯ್ಯನವರು ಹಟ ಹಿಡಿದರು. ಕಣ್ಣಾರೆ ಕಾಣದ್ದಕ್ಕೆ ಸಹಿ ಹಾಕಿದವರಲ್ಲ ಅವರು. ಹಸನಾದ ಜೋಳವನ್ನು ಚಾಪೆಯ ಮೇಲೆ ಹರಡಿ ಕಡಲಿನ ತಳ ಮಾಡಿದರು. ಸಾತವ್ವ ಹುರಿದ ಶೇಂಗಾ ತಂದಳು. ನೂರು ಕಾಳು ಎಣಿಸಿ ಜೋಳದ ಮೇಲೆ ಚೆಲ್ಲಿದರು. ಅವು ಮೀನು. ಬಾಳವ್ವನ ಹಳೆಯ ಕೌದಿ ಬಲೆಯಾಯಿತು. ನಾಗಲಿಂಗ ಒಂದು ತುದಿ, ಬಸಯ್ಯನವರು ಒಂದು ತುದಿ ಹಿಡಿದು ಎಳೆದರು.

ಕೌದಿಯಲ್ಲಿ ಶೇಂಗಾ ಬಂತು, ಜೋಳ ಬಂತು, ಯಾರದೋ ಎಡಗಾಲಿನ ಚಪ್ಪಲಿ ಬಂತು, ನೆರಳಿಗೆ ಮಲಗಿದ್ದ ಸಾತವ್ವನ ಬೆಕ್ಕೂ ಬಂತು. ನಾಗಲಿಂಗ ರೂಢಿಯಂತೆ ಕೂಗಿದ: "ಚಪ್ಪಲಿ ಒಂದು. ಬೆಕ್ಕು ಒಂದು, ಇನ್ನೂ ಪೂರ್ತಿ ಬೆಳೆದಿಲ್ಲ." ಬೆಕ್ಕು ಪರಚಿ ಹಾರಿತು. ಚಾಪೆ ಮಗುಚಿತು. ಮುಂಜಾನೆಯಿಂದ ಹಸನು ಮಾಡಿದ ಜೋಳವೆಲ್ಲ ಮಣ್ಣಿಗೆ ಬಿತ್ತು. ಬಾಳವ್ವ ಮತ್ತೆ ಮೊರ ತಂದಳು.

ಬಲೆಗೆ ಬಂದ ಶೇಂಗಾ ಎಂಬತ್ತೆರಡು. ನಾಗಲಿಂಗ ಕಾಗದದಲ್ಲಿ ಬರೆದ. ತಕ್ಕಡಿ ತರುವಷ್ಟರಲ್ಲಿ ಇನ್ನೊಮ್ಮೆ ಎಣಿಸಿದರೆ ಐವತ್ತೊಂದು. ತಲೆ ಎತ್ತಿ ನೋಡಿದ. ಅಂಗಳದ ತುಂಬ ದವಡೆಗಳು ಮೆಲ್ಲಗೆ ಆಡುತ್ತಿದ್ದವು. ಬಸಯ್ಯನವರದೂ.

"ತಿಂದ್ರ ಲೆಕ್ಕ ಹೆಂಗ ಹತ್ತಬೇಕ್ರೀ, ಅಯ್ಯಾರ?" ಎಂದ ನಾಗಲಿಂಗ.

ಬಸಯ್ಯನವರು ಬಾಯಲ್ಲಿದ್ದದ್ದನ್ನು ನುಂಗಿ, ಅವನನ್ನು ಹೊಸಬನನ್ನು ನೋಡುವಂತೆ ನೋಡಿದರು. ಇಷ್ಟು ಹೊತ್ತು ಶೇಂಗಾದ ನಡುವೆ ಕುಳಿತೂ ಒಂದು ಕಾಳು ಬಾಯಿಗೆ ಹಾಕದವನು ಅವನೊಬ್ಬನೇ. ಒಳಗೆ ಹೋಗಿ ಲೇಖಣಿ ಹಿಡಿದರು. ಈತನ ಏಳು ತಲೆಮಾರು ಮೀನು ಮುಟ್ಟಿಲ್ಲ, ಎದುರಿಗೆ ರಾಶಿ ಇದ್ದರೂ ಈತನ ಲೆಕ್ಕದಲ್ಲಿ ಒಂದು ಕಾಳು ಕಡಿಮೆ ಬೀಳುವುದಿಲ್ಲ, ನಾವೆಲ್ಲ ಕಣ್ಣಾರೆ ಕಂಡಿದ್ದೇವೆ ಎಂದು ದುಂಡಗೆ ಬರೆದು ಸಹಿ ಹಾಕಿದರು. ಕೆಳಗೆ ಇಡೀ ಓಣಿಗೆ ಸಹಿ ಹಾಕುವ ಹುಕಿ ಬಂತು. ಸಾತವ್ವ ಹೆಬ್ಬೆಟ್ಟು ಒತ್ತಿದಳು. ಅಂಚಿಗೆ ಹಪ್ಪಳದ ಎಣ್ಣೆಯೂ ಅಂಟಿತು. ಇಷ್ಟೆಲ್ಲ ಆಗುವಾಗ ಓಣಿಯ ಟಪಾಲು ಪೆಟ್ಟಿಗೆ ಖಾಲಿ ಮಾಡುವವನು ಬಂದು ಹೋಗಿದ್ದ.

ಎರಡನೆಯ ಹಿರಿಯರು ನೇಮಣ್ಣನವರೇ ಆಗಬೇಕೆಂದು ಬಸಯ್ಯನವರ ಹಟ. ಜೈನರ ಮಾತು ಎಂದರೆ ಆಹಾರದ ವಿಷಯದಲ್ಲಿ ಕೋರ್ಟಿನ ಮಾತಿದ್ದಂತೆ. ಇಬ್ಬರೂ ಅವರ ಅರಿವೆ ಅಂಗಡಿಗೆ ಹೋದರೆ ನೇಮಣ್ಣನವರು ಕೋಟೆಯೊಳಗಿನ ಬಸದಿಗೆ ಹೋಗಿದ್ದರು. ಬಸದಿಯ ಹೊರಗೆ ಮುಕ್ಕಾಲು ತಾಸು ಕಾಯುವಾಗ ನಾಗಲಿಂಗನಿಗೆ ಒಂದೇ ಚಿಂತೆ. ಓಣಿಯವರು ನಕ್ಕು ಬಿಟ್ಟರು; ಇರುವೆ ಸತ್ತೀತೆಂದು ನೆಲ ನೋಡಿ ನಡೆಯುವ ಇವರು ಬಿಡುತ್ತಾರೆಯೇ?

ನೇಮಣ್ಣನವರು ಮೆಟ್ಟಿಲ ಮೇಲೆ ಕುಳಿತು ಕೇಳಿಸಿಕೊಂಡರು. ಬಲೆ ಎಳೆಯುವವನು ನೀನೋ ಎಂದು ಕೇಳಿದರು. ಅಲ್ಲ, ಬರೇ ಎಣಿಸುವುದು ಎಂದ. ಎಣಿಸಿ ಏನಾಗಬೇಕು ಎಂದರು. ಯಾವುದು ಕಡಿಮೆಯಾಗಿದೆ, ಎಲ್ಲಿ ಹಿಡಿಯುವುದನ್ನು ನಿಲ್ಲಿಸಬೇಕು ಎಂಬುದು ಸರಕಾರಕ್ಕೆ ಅದರಿಂದ ತಿಳಿಯುತ್ತದೆ ಎಂದ. ನೇಮಣ್ಣನವರು ಮೆಟ್ಟಿಲ ಮೇಲಿನ ಇರುವೆಯೊಂದಕ್ಕೆ ದಾರಿ ಬಿಟ್ಟು ಕಾಲು ಸರಿಸಿದರು.

"ಲೆಕ್ಕಾ ಇಲ್ಲದ್ದನ್ನ ಮನಷ್ಯಾ ಜಾಸ್ತಿ ತಿಂತಾನ" ಎಂದರು. "ನಿನ್ನ ಲೆಕ್ಕದಿಂದ ನಾಕು ಜೀವ ಉಳದ್ರ ಉಳೀಲಿ. ತಾ ಇಲ್ಲೆ."

ಇಂಥ ಮನುಷ್ಯನ ಕೈಯಲ್ಲಿ ತಕ್ಕಡಿ ಇರುವುದು ಜೀವಗಳ ಪುಣ್ಯ ಎಂದು ಒಂದು ಸಾಲು ಸೇರಿಸಿ ಸಹಿ ಹಾಕಿದರು. ನಾಗಲಿಂಗನಿಗೆ ಕಣ್ಣು ತುಂಬಿ ಬಂತು. ಇಷ್ಟು ಶುದ್ಧ ಮನುಷ್ಯನನ್ನು ಸಾಹೇಬರು ಇನ್ನು ಮೀನಿನ ನಡುವೆ ಇಡುವುದುಂಟೇ? ಮೇಜು, ಕುರ್ಚಿ, ಮೇಜಿನ ಮೇಲೆ ನೀರಿನ ತಂಬಿಗೆ, ತಂಬಿಗೆಯ ನೀರು ಅಲುಗದೆ ನಿಂತಿರುವುದು, ಎಲ್ಲ ಕಣ್ಣಿಗೆ ಕಟ್ಟಿತು.

ಲಕೋಟೆಗೆ ಅಂಟು, ಸ್ಟಾಂಪು ಹಚ್ಚಿ ಇಬ್ಬರೂ ಸ್ಟೇಷನ್ನಿಗೆ ಓಡಿದರು. ಗೋವೆಯ ಕಡೆಯ ರೈಲುಗಾಡಿಯಲ್ಲಿ ಟಪಾಲಿನದೇ ಒಂದು ಬೋಗಿ, ಟಪಾಲು ಡಬ್ಬಿ, ಇರುತ್ತಿತ್ತು. ಹೆಚ್ಚಿನ ಸ್ಟಾಂಪು ಹಚ್ಚಿದರೆ ಡಬ್ಬಿಯ ಮಗ್ಗಲಿಗಿದ್ದ ಸೀಳಿನಲ್ಲೇ ಕಾಗದ ಹಾಕಬಹುದಿತ್ತು. ಇವರು ಪ್ಲಾಟಫಾರಮ್ ಮುಟ್ಟಿದಾಗ ಗಾಡಿಯ ಬೆನ್ನು ಕಾಣಿಸಿತು. ನಾಗಲಿಂಗ ಅಲ್ಲಿಯ ಬೆಂಚಿನ ಮೇಲೆ ಕುಳಿತುಬಿಟ್ಟ. ಗಾಡಿ ದೇಸೂರಿನಲ್ಲಿ ಎದುರು ಗಾಡಿಗೆ ದಾರಿ ಬಿಟ್ಟು ಅರ್ಧ ತಾಸು ನಿಲ್ಲುತ್ತದೆಂದು ಬಸಯ್ಯನವರಿಗೆ ಗೊತ್ತಿತ್ತು. ಅವನ ತೋಳು ಹಿಡಿದು ಎಬ್ಬಿಸಿ, ದೇಸೂರಿನ ಆಚೆಯ ಖಾನಾಪುರಕ್ಕೆ ಹೋಗುವ ಬಸ್ಸಿಗೆ ಹತ್ತಿಸಿ ತಾವೂ ಹತ್ತಿದರು. ಬಸ್ಸಿನಲ್ಲಿ ಬುಟ್ಟಿ ಇಡಲು ಜಾಗವಿರಲಿಲ್ಲ; ಒಬ್ಬಳು ಮುದುಕಿಯ ಕೋಳಿಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತ ನಾಗಲಿಂಗ ದಾರಿಯುದ್ದಕ್ಕೂ, ತನಗರಿವಿಲ್ಲದೆ, ಕೋಳಿ ಎಣಿಸಿದ. ಐದು.

ಖಾನಾಪುರ ಸ್ಟೇಷನ್ನಿಗೆ ಅವರೂ ಗಾಡಿಯೂ ಜೊತೆಗೇ ಬಂದರು. ಟಪಾಲು ಡಬ್ಬಿ ಎದುರಿಗೇ ನಿಂತಿತು. ಅದರ ಪಕ್ಕದ ಡಬ್ಬಿಯ ಕಿಟಕಿಯಲ್ಲಿ ಪರಿಚಯದ ಮುಖವೊಂದು ಕಂಡಿತು. ಹಡಗಿನ ಅಡುಗೆಯವನು, ಗುಂಜಿಯ ಸತ್ಯಪ್ಪ. ಕಾಲ ಬಳಿ ಸಂಕೇಶ್ವರದ ಮೆಣಸಿನಕಾಯಿಯ ಚೀಲ, ಮುಖ ಮಾತ್ರ ಉಪವಾಸವಿದ್ದವನ ಹಾಗೆ.

"ನಾಗಪ್ಪಾ, ಕೈಯಾಗೇನು? ಆ ಸಾಹೇಬನ ಕಾಗದ ಅಲ್ಲಲಾ?" ಎಂದ.

"ಅದs ರೀ. ಎಲ್ಲಾರೂ ಸಹಿ ಹಾಕ್ಯಾರ."

ಸತ್ಯಪ್ಪ ಕಿಟಕಿಯಿಂದ ಅರ್ಧ ಹೊರಗೆ ಬಂದ. "ಹಾಕಬ್ಯಾಡೋ ಮಾರಾಯಾ. ನನಗ ನಿನ್ನೆ ಸಾಹೇಬರ ಕಾರ್ಡ ಬಂದೈತಿ. ಪಾಪ್ಲೆಟ್ ಎಲ್ಲಿ ಹೋಕ್ಕಾವು ಅನ್ನೂದು ಅವರಿಗೆ ತಿಳದೈತಿ. ನೀ ತೂಗಿದ ದಿನಾ ಅಷ್ಟs ತೂಕಾ ಸರಿ ಬರತೈತಂತ. ಇನ್ನ ಮ್ಯಾಲೆ ತಿನ್ನಲಾರದಾಂವ ಅಂತ ಸರ್ಟಿಫಿಕೇಟು ಇದ್ದಾಂವ ಒಬ್ಬನs ತಕ್ಕಡಿ ಮುಟ್ಟಬೇಕು. ಅಂಥಾವ ಸಿಕ್ಕನಂದ್ರ ಐದು ವರ್ಷ ಅವನ್ನ ಹಡಗಿನಿಂದ ಕೆಳಗ ಇಳಸೂದಿಲ್ಲಂತ. ನೀನೂ ಕೆಟ್ಟಿ, ನಮ್ಮ ಬಾಣಲಿನೂ ಕೆಡ್ತು."

ನಾಗಲಿಂಗನ ಕಾಲ ಕೆಳಗಿನ ಪ್ಲಾಟಫಾರಮ್ ಮೆಲ್ಲಗೆ ಎಡಕ್ಕೆ ವಾಲಿತು. ಲಕೋಟೆಯನ್ನು ಎದೆಗೆ ಒತ್ತಿ ಹಿಡಿದು ಒಂದು ಹೆಜ್ಜೆ ಹಿಂದಕ್ಕೆ ಸರಿದ. ಗಾಡಿ ಸೀಟಿ ಹೊಡೆಯಿತು.

ಕಿವಿ ಸ್ವಲ್ಪ ಮಂದವಾಗಿದ್ದ ಬಸಯ್ಯನವರಿಗೆ ಗಾಡಿಯ ಗದ್ದಲದಲ್ಲಿ ಸತ್ಯಪ್ಪನ ಮಾತು ಕೇಳಿಸಿರಲಿಲ್ಲ; ಕಂಡದ್ದು ಇಷ್ಟೇ: ಹದಿನಾಲ್ಕು ತಿಂಗಳು ಹಿಂಜರಿದ ಹುಡುಗ ಕೊನೆಯ ಗಳಿಗೆಯಲ್ಲೂ ಹಿಂಜರಿಯುತ್ತಿದ್ದಾನೆ. ತರಗತಿಯಲ್ಲಿ ಎಂಥೆಂಥವರ ಕೈಯಿಂದ ಪರೀಕ್ಷೆಯ ಹಾಳೆ ಕಸಿದುಕೊಂಡವರು ಅವರು.

"ಇಷ್ಟು ನಾಚಿಕಿ ಇರಬಾರದು, ತಮ್ಮಾ" ಎಂದು ಪ್ರೀತಿಯಿಂದ ಹೇಳಿ, ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಲಕೋಟೆ ತೆಗೆದುಕೊಂಡರು. ಚಲಿಸತೊಡಗಿದ ಡಬ್ಬಿಯ ಜೊತೆಗೆ ನಾಲ್ಕು ಹೆಜ್ಜೆ ಓಡಿ, ಅದನ್ನು ಸೀಳಿನೊಳಗೆ ತಳ್ಳಿದರು.