ಎಚ್ಚೆಫ್ ಫೋನು, ಜರ್ಸಿ ಫೋನು

ನಮ್ಮನೆಗೆ ಒಂದು ವಸ್ತು ಬರಬೇಕು ಅಂದ್ರೆ ಮೊದಲು ಇನ್ನೊಂದು ವಸ್ತು ಅದರ ಎದುರಿಗೆ ಬಂದು ನಿಲ್ಲಬೇಕು. ಮಿಕ್ಸಿ ಆದ್ರೂ ಅಷ್ಟೇ, ಮಂಚ ಆದ್ರೂ ಅಷ್ಟೇ, ಕಸಪೊರಕೆ ಆದ್ರೂ ಅಷ್ಟೇ. ಎರಡನ್ನೂ ಮುಟ್ಟಿ, ಮೂಸಿ, ಎತ್ತಿ, ಇಳಿಸಿ, ಕೊನೆಗೆ ಬರಿಗೈಲಿ ಮನೆಗೆ ಬರೋದು ನಮ್ಮೆಜಮಾನ್ರ ಪದ್ಧತಿ. ಇಂಥದ್ದು ನಡೀದೇ ಇರೋ ವಾರವೇ ಇಲ್ಲ. ಹೇಳ್ತಾ ಹೋದ್ರೆ ನಿಮಗೆ ನಗು, ನನಗೆ ಬಿ.ಪಿ.

ಅವರದ್ದೂ ತಪ್ಪಿಲ್ಲ ಅನ್ನಿ, ಅವರ ಕೆಲಸವೇ ಅಂಥದ್ದು. ನಮ್ಮೂರ ಹಾಲಿನ ಡೈರಿಗೆ ಸೆಕ್ರೆಟರಿ. ಬೆಳಗ್ಗೆ ಸಂಜೆ ಬಂದ ಹಾಲಿಗೆಲ್ಲ ಡಿಗ್ರಿ ನೋಡಿ, ಫ್ಯಾಟ್ ನೋಡಿ, ನೀರು ಬೆರೆಸದೆ ಈ ಪ್ರಪಂಚದಲ್ಲಿ ಯಾರೂ ಏನೂ ಮಾರಲ್ಲ ಅನ್ನೋ ತೀರ್ಮಾನಕ್ಕೆ ಬಂದ್ಬಿಟ್ಟಿದ್ದಾರೆ. ನಾನೋ, ಟೈಲರ್. ಹಳ್ಳಿಮೈಸೂರಿನಲ್ಲಿ ಪುಟ್ಟ ಅಂಗಡಿ. ನನ್ನ ಕಾಲು ಮೆಷಿನ್ ಇಲ್ಲದ ಕಡೇಲೂ ತುಳೀತಾನೇ ಇರುತ್ತೆ. ಕೂತ್ರೆ ಏಳಬೇಕು, ಎದ್ರೆ ಓಡಬೇಕು. ನಮ್ಮಿಬ್ಬರ ಜಾತಕ ಕೂಡಿಸಿದ ಪುಣ್ಯಾತ್ಮ ಕೈಗೆ ಸಿಗಲಿ ಅಂತ ಕಾಯ್ತಾ ಇದೀನಿ.

ಅರ್ಧ ಬೆನ್ನು

ಈಗಿನ ಕಾಲದಲ್ಲಿ ಬ್ಲೌಸ್ ಹೊಲಿಯೋಳಿಗೆ ಕತ್ತರಿ ಇಲ್ಲದಿದ್ರೂ ಹೆಂಗೋ ನಡೀತದೆ, ವಾಟ್ಸಾಪ್ ಇಲ್ಲದೆ ನಡೆಯಲ್ಲ. ಎಲ್ಲರೂ ಫೋಟೋ ಕಳಿಸಿ "ಥೇಟ್ ಹಿಂಗೇ ಬೇಕು" ಅಂತಾರೆ. ನನ್ನ ಫೋನ್ ಮಾತ್ರ ಮುಪ್ಪಾಗಿತ್ತು. ಒಂದು ಒತ್ತಿದ್ರೆ ಇನ್ನೊಂದು ತೆಗೆಯೋದು, ಮಧ್ಯಾಹ್ನದ ಊಟದ ಹೊತ್ತಿಗೆ ಕಣ್ಣು ಮುಚ್ಚೋದು.

ಅಂಥಾ ಹೊತ್ತಿನಲ್ಲೇ ಅರಕಲಗೂಡಿನ ಒಬ್ಬ ಅಕ್ಕ ಸಿಕ್ಕಿದ್ರು. ಮಗಳ ಮದುವೆ. ಹೆಣ್ಣಿಂದು, ಅವರದು, ಅಕ್ಕತಂಗೀರದು, ನಾದಿನೀರದು, ಎಲ್ಲ ಬ್ಲೌಸೂ ನನಗೇ ಕೊಡೋ ಯೋಚನೆ ಇದೆ ಅಂದ್ರು. ನಾನು ಕತ್ತರಿ ಹಿಡಿದಾಗಿಂದ ಇಷ್ಟು ದೊಡ್ಡ ಆರ್ಡರ್ ಕಂಡಿಲ್ಲ. ಒಂದು ಮದುವೆಮನೇಲಿ ನನ್ನ ಹೊಲಿಗೆ ಕಂಡ್ರೆ ಅರ್ಧ ಅರಕಲಗೂಡೇ ನನ್ನಂಗಡಿಗೆ ಬರ್ತದೆ ಅಂತ ನನಗೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಮೊದಲು ಪರೀಕ್ಷೆಗೆ ಅಂತ ಅವರದೇ ಒಂದು ಬ್ಲೌಸ್ ಪೀಸ್ ಕೊಟ್ಟು, ಡಿಸೈನ್ ಫೋಟೋ ಕಳಿಸಿದ್ರು.

ನನ್ನ ಫೋನಲ್ಲಿ ಆ ಫೋಟೋ ಅರ್ಧಕ್ಕೆ ನಿಂತ್ಕೊಂತು. ಮೇಲರ್ಧ ಚೆನ್ನಾಗಿ ಕಾಣ್ತಿತ್ತು, ಕೆಳಗೆ ಬರೀ ಬೂದಿ ಬಣ್ಣ. ಎರಡು ದಿನ ಕಾದೆ. ಮೂರನೇ ದಿನ ನನ್ನ ಕೈ ಕೇಳಬೇಕಲ್ಲ? ಬೆನ್ನು ಪ್ಲೇನೇ ಇರಬೇಕು ಅಂದ್ಕೊಂಡು ಕತ್ತರಿಸಿ, ಹೊಲಿದು, ಇಸ್ತ್ರಿ ಮಾಡಿ ಇಟ್ಟೆ.

ಅಕ್ಕ ಬಂದ್ರು. ಬ್ಲೌಸ್ ತಿರುಗಿಸಿ ನೋಡಿದ್ರು. "ಬೆನ್ನಾಗೆ ಎಲೆ ಥರ ಕಿಂಡಿ ಇತ್ತಲ್ಲಮ್ಮ, ಕೆಳಗೆ ದಾರ, ದಾರಕ್ಕೆ ಕುಚ್ಚು? ಎಲ್ಲಿ ಓಯ್ತು?"

"ಫೋಟೋದಲ್ಲಿ ಇರಲೇ ಇಲ್ಲ ಅಕ್ಕ, ಬೇಕಾದ್ರೆ ನೋಡಿ" ಅಂತ ಫೋನ್ ಕೊಟ್ಟೆ. ಅಷ್ಟು ದಿನ ಹಟ ಹಿಡಿದು ಕೂತಿದ್ದ ಆ ಶನಿ, ಅಕ್ಕನ ಕೈಗೆ ಹೋಗಿದ್ದೇ ತಡ, ಕೆಳಗಿನರ್ಧ ತೋರಿಸಿಬಿಡ್ತು. ಕಿಂಡಿ, ದಾರ, ಕುಚ್ಚು, ಎಲ್ಲ ಲಕಲಕ ಅಂತ ಹೊಳೀತಾ ಇವೆ.

ಅಕ್ಕ ಫೋನ್ ನನ್ನ ಕೈಗಿಟ್ಟು, "ಹೊಲಿಗೆ ಚೆಂದಾಗದೆ, ಅದಕ್ಕೆ ಹೇಳ್ತೀನಿ ಕೇಳು. ಮುಂದಿನ ಸೋಮವಾರ ಮಿಕ್ಕಿದ್ದೆಲ್ಲ ಡಿಸೈನ್ ವಿಡಿಯೋ ಕಾಲಲ್ಲಿ ತೋರಿಸ್ತೀನಿ. ಅಷ್ಟರಾಗೆ ನೀನು ಫೋನ್ ಬದಲಾಯಿಸು, ಇಲ್ಲಾಂದ್ರೆ ನಾನು ಟೈಲರ್ ಬದಲಾಯಿಸ್ತೀನಿ" ಅಂದ್ರು.

ಹೊಳೆನರಸೀಪುರದಲ್ಲಿ ಹಸು ವ್ಯಾಪಾರ

ಅವತ್ತೇ ನಮ್ಮೆಜಮಾನ್ರನ್ನ ಎಳ್ಕೊಂಡು ಹೊಳೆನರಸೀಪುರಕ್ಕೆ ಹೋದೆ. ಅಂಗಡಿಯವರು ನಮ್ಮ ಕೈಗೆಟುಕೋ ಬೆಲೆಯಲ್ಲಿ ಎರಡು ಫೋನ್ ಮುಂದಿಟ್ಟರು. ಒಂದು ದೊಡ್ಡದು, ಕಪ್ಪುಬಿಳುಪು. ಇನ್ನೊಂದು ಸಣ್ಣದು, ಕಂದು ಬಣ್ಣ. ಬೆಲೆಯಲ್ಲಿ ಅಂಥಾ ವ್ಯತ್ಯಾಸ ಏನಿಲ್ಲ. ಅವರು ಪ್ರೊಸೆಸರು, ಮೆಗಾಪಿಕ್ಸೆಲ್ಲು ಅಂತ ಶುರು ಮಾಡಿದ್ರು. ಇವರು ಕೈ ಅಡ್ಡ ಹಿಡಿದ್ರು.

"ಅದಿರ್ಲಿ ಸಾ. ದಿನಕ್ಕೆ ಎಷ್ಟು ತಿಂತದೆ, ಎಷ್ಟು ಕೊಡ್ತದೆ, ಅದೇಳಿ."

"ಏನು ತಿನ್ನೋದು ಸರ್?"

"ಚಾರ್ಜು."

ಅಂಗಡಿಯವರು ಒಂದು ಗಳಿಗೆ ಯೋಚನೆ ಮಾಡಿ, "ದೊಡ್ಡದು ಭಾರೀ ಸ್ಪೀಡು ಸರ್, ಆದ್ರೆ ಸಂಜೆಗೆ ಚಾರ್ಜ್ ಹಾಕಲೇಬೇಕು. ಚಿಕ್ಕದು ಅಷ್ಟು ಜೋರಿಲ್ಲ, ಆದ್ರೆ ಎರಡು ದಿನ ಬರ್ತದೆ, ಫೋಟೋ ಚೆನ್ನಾಗಿ ಬೀಳ್ತದೆ" ಅಂದ್ರು.

ಇವರ ಮುಖ ಅರಳಿಬಿಡ್ತು. "ಅಂಗನ್ನಿ ಮತ್ತೆ! ದೊಡ್ಡದು ಎಚ್ಚೆಫ್ ಹಸ. ಹಾಲು ಬಕೇಟುಗಟ್ಲೆ, ಫ್ಯಾಟ್ ಇಲ್ಲ, ಮೇವು ಹೊತ್ತೂ ಹೊತ್ತೂ ಮನೆಯೋನ ಸೊಂಟ ಬೀಳ್ತದೆ. ಚಿಕ್ಕದು ಜರ್ಸಿ. ಕೊಡೋದು ಕಮ್ಮಿ, ಕೊಟ್ಟಿದ್ದು ಗಟ್ಟಿ."

ಅಲ್ಲಿಂದ ಮುಂದೆ ಆ ಎರಡು ಫೋನಿಗೂ ಅದೇ ಹೆಸರು. ಅಂಗಡಿಯವರೂ ವ್ಯಾಪಾರ ಆದ್ರೆ ಸಾಕು ಅಂತ ಅದೇ ದಾರಿ ಹಿಡಿದ್ರು. "ಎಚ್ಚೆಫ್‌ಗೆ ಚಾರ್ಜರ್ ಬೇರೆ ತಗೋಬೇಕು ಸರ್. ಜರ್ಸಿಗೆ ಡಬ್ಬಿ ಒಳಗೇ ಬರ್ತದೆ."

"ಜರ್ಸಿ ಕರು ಸಮೇತ ಅನ್ನಿ!"

"ಕರು ಸಮೇತ ಸರ್. ಪ್ಯಾಕ್ ಮಾಡ್ಲಾ?"

ನಾನು ಪರ್ಸ್ ತೆಗೆದೇಬಿಟ್ಟಿದ್ದೆ. ಇವರು ಎದ್ದು ಪಂಚೆ ಕೊಡವಿಕೊಂಡು, "ಇರಿ ಸಾ, ಒಂದೇ ಸಂತೆ ನೋಡಿ ಯಾರಾದ್ರೂ ಹಸ ತಗತಾರಾ?" ಅಂತ ಹೊರಟೇಬಿಟ್ರು.

ಚನ್ನರಾಯಪಟ್ಟಣದ ಚೀಲ

ಎರಡನೇ ಸಂತೆಗೆ ಅವರೊಬ್ಬರೇ ಚನ್ನರಾಯಪಟ್ಟಣಕ್ಕೆ ಹೋದ್ರು. ನಾನು ಅವತ್ತು ಒಂದು ತೋಳಿನ ಬದಲು ಇನ್ನೊಂದು ತೋಳು ಕೂಡಿಸಿ, ಬಿಚ್ಚಿ, ಮತ್ತೆ ಅದನ್ನೇ ಕೂಡಿಸಿದೆ. ಕಣ್ಣೆಲ್ಲ ಬಸ್ ಬರೋ ದಾರಿ ಮೇಲೆ. ಸಂಜೆ ಬಸ್ಸಿಂದ ಇಳಿದ್ರು, ಕೈಲಿ ಭಾರದ ಚೀಲ. ನನ್ನ ಕತ್ತಿನಲ್ಲಿದ್ದ ಟೇಪೂ ತೆಗೀದೆ ಓಡಿಹೋಗಿ ಕಿತ್ಕೊಂಡೆ.

ಒಳಗೆ ಎರಡು ತೆಂಗಿನಕಾಯಿ.

"ಫೋನ್ ಎಲ್ರೀ?"

"ರೇಟ್ ಅಲ್ಲೂ ಅಷ್ಟೇ ಕಣೆ. ಕಾಯಿ ಮಾತ್ರ ಎರಡು ಅಂಗಡಿಗೆ ಎರಡು ಥರ ಇತ್ತು. ಎರಡೂ ಒಡೆದು ಚಟ್ನಿ ಮಾಡು, ಯಾವುದು ವಾಸಿ ನೋಡಾಣ."

ಹಾಸನದಲ್ಲಿ ರಾಣಿ ಬಣ್ಣ

ಶನಿವಾರ ನಾನೇ ಹಾಸನಕ್ಕೆ ಹೊರಟೆ, ಇವರು ಹಿಂದೆ ಹಿಂದೆ ಬಂದ್ರು. ಈ ಸಲ ಪರೀಕ್ಷೆ ನಾನು ಮಾಡ್ತೀನಿ ಅಂತ ಒಂದು ರಾಣಿ ಬಣ್ಣದ ಸೀರೆ ಚೀಲದಲ್ಲಿಟ್ಕೊಂಡಿದ್ದೆ. ನನಗೆ ಬೇಕಿರೋದು ಬಣ್ಣ. ಸೀರೆ ಒಂದು ಬಣ್ಣ, ಫೋನಲ್ಲಿ ಒಂದು ಬಣ್ಣ ಕಂಡ್ರೆ ಲೈನಿಂಗ್ ಬಟ್ಟೆ ತರೋಳು ನಾನು, ಬೈಸ್ಕೊಳ್ಳೋಳೂ ನಾನು.

ಅಂಗಡಿ ಗಾಜಿನ ಮೇಲೆ ಸೀರೆ ಹಾಸಿದೆ. ನೋಡೋಕೆ ಇಟ್ಟಿದ್ದ ಎರಡೂ ಫೋನಲ್ಲಿ ಫೋಟೋ ತೆಗೆದೆ. ಎಚ್ಚೆಫ್ಫಲ್ಲಿ ಸೀರೆ ಧಗಧಗ ಅಂತ ಉರೀತಿತ್ತು. ಜರ್ಸಿಲಿ ಇದ್ದದ್ದು ಇದ್ದ ಹಾಗೇ ಇತ್ತು. ಅಲ್ಲಿದ್ದ ಹೆಂಗಸರೆಲ್ಲ ಬಂದು ಸುತ್ತ ನಿಂತ್ರು. ಒಬ್ಬರು "ದೊಡ್ಡದರಲ್ಲೇ ಲಕ್ಷಣ" ಅಂದ್ರೆ, ಇನ್ನೊಬ್ಬರು "ಅಯ್ಯೋ, ಅದು ಸುಳ್ಳು ಬಣ್ಣ ಕಣ್ರೀ" ಅಂದ್ರು. ಆಮೇಲೆ ಸೀರೆ ಎಲ್ಲಿ ತಗೊಂಡ್ರಿ, ಸೆರಗಿಗೆ ಕುಚ್ಚು ಯಾರು ಕಟ್ಟಿದ್ದು, ಬ್ಲೌಸ್ ಯಾರು ಹೊಲಿಯೋದು ಅಂತ ಮಾತು ಎಲ್ಲೆಲ್ಲಿಗೋ ಹೋಯ್ತು. ನಾನೇ ಅಂದೆ. ನಾಲ್ಕೈದು ಜನ ತಕ್ಷಣ "ನಮ್ಮ ನಂಬರ್ ಬರ್ಕೊಳ್ಳಿ" ಅಂತ ಮುಗಿಬಿದ್ರು.

ಅಂಗಡಿಯವರಿಗೆ ಸಾಕಾಗಿ, "ಅಮ್ಮಾ, ಇದು ಫೋನ್ ಅಂಗಡಿ" ಅಂತ ನೆನಪು ಮಾಡಿದ್ರು. ಇವರು ಎಂದಿನಂತೆ "ಇನ್ನೊಂದು ದಿನ ಬತ್ತೀವಿ ಸಾ" ಅಂದ್ರು. ನಾನು ಕೋಪಕ್ಕೆ ಮುಂದೆ ಮುಂದೆ ನಡೆದು ಬಸ್ ಹತ್ತಿದೆ. ಆದ್ರೂ ಆರ್ಡರ್ ಸಿಕ್ತಲ್ಲ ಅಂತ ಒಳಗೊಳಗೇ ಖುಷಿ.

ಬಸ್ಸು ಊರು ದಾಟಿದ ಮೇಲೆ ಹೊಳೀತು. ನನ್ನ ಫೋನ್ ಮಧ್ಯಾಹ್ನವೇ ಕಣ್ಣು ಮುಚ್ಚಿತ್ತು. ಆ ಹೆಂಗಸರ ನಂಬರೆಲ್ಲ ನಾನು ಸೇವ್ ಮಾಡಿದ್ದು ಅಂಗಡಿ ಗಾಜಿನ ಮೇಲಿದ್ದ ಜರ್ಸಿಲಿ.

ಡೈರಿ ಮುಂದೆ ಓಟ

ಭಾನುವಾರ ಇವರಿಗೇ ಸ್ವಲ್ಪ ಭಯ ಹತ್ತಿತು ಅಂತ ಕಾಣುತ್ತೆ, ನಾನು ಎರಡು ದಿನದಿಂದ ಚಟ್ನಿ ಬಿಟ್ಟು ಬೇರೇನೂ ಮಾಡಿರಲಿಲ್ಲ. ಎಚ್ಚೆಫ್ ಮಾಡೆಲ್ ಫೋನೇ ಒಂದು ನಮ್ಮೂರ ಮೇಷ್ಟ್ರ ಹತ್ರ ಇತ್ತು. ಜರ್ಸಿ ನನ್ನ ಮೈದುನನ ಹತ್ರವೇ ಇತ್ತು. ಇಬ್ಬರ ಕೈಕಾಲು ಹಿಡಿದು ಎರಡು ದಿನಕ್ಕೆ ಇಸ್ಕೊಂಡು ಬಂದ್ರು. ನನ್ನ ಸಿಮ್ ಜರ್ಸಿಗೆ ಹಾಕಿದ್ರು.

ಸಂಜೆ ಹಾಲು ಹಾಕೋಕೆ ಬಂದವರ ಮುಂದೆ ಎರಡನ್ನೂ ತೂಕದ ಮೆಷಿನ್ ಪಕ್ಕ ಇಟ್ಟು, ಒಂದೇ ಸಲ ಒಂದೇ ವಿಡಿಯೋ ಒತ್ತಿದ್ರು. ಯಾವುದು ಮೊದಲು ಓಡ್ತದೆ ನೋಡಬೇಕು. ಕ್ಯಾನ್ ಹಿಡಿದವರೆಲ್ಲ ಕ್ಯಾನ್ ಕೆಳಗಿಟ್ಟರು. "ಎಚ್ಚೆಫ್ಫು ಕಣ್ಲಾ!" "ಲೇ, ಜರ್ಸಿ ನೋಡ್ತಿರು!" ಅಂತ ಎರಡು ಪಾರ್ಟಿ ಆಯ್ತು. ಎರಡು ಫೋನಲ್ಲೂ ಚಕ್ರ ತಿರುಗ್ತು. ತಿರುಗ್ತಾನೇ ಇತ್ತು. ಎರಡರ ಸಿಮ್ಮೂ ಒಂದೇ ಕಂಪನಿದು, ಆ ಕಂಪನಿ ನೆಟ್‌ವರ್ಕ್ ನಮ್ಮ ಡೈರಿ ಮೂಲೆಗೆ ಬಂದೇ ಇಲ್ಲ ಅನ್ನೋದು ಯಾರಿಗೂ ನೆನಪಿಲ್ಲ.

ಕೊನೆಗೆ ಒಬ್ಬ ಮುದುಕಪ್ಪ ಬಗ್ಗಿ ನೋಡಿ, "ಎರಡೂ ಗೊಡ್ಡು ಕಣಪ್ಪ, ಹಾಲು ಅಳಿ" ಅಂದ.

ಬಸವಣ್ಣನ ತೀರ್ಪು

ಸೋಮವಾರ ಬಂತು. ಹನ್ನೊಂದು ಗಂಟೆ ಮೇಲೆ ಅರಕಲಗೂಡಿನ ಅಕ್ಕನ ಫೋನು ಬರೋದಿತ್ತು. ಅದು ಎತ್ತಲಿಲ್ಲ ಅಂದ್ರೆ ಆರ್ಡರ್ ಹಾಸನದ ಯಾವುದೋ ಬೊಟೀಕ್ ಪಾಲು. ಇವರು ಮಾತ್ರ ಎಡಗೈಲೊಂದು ಬಲಗೈಲೊಂದು ಫೋನ್ ಹಿಡಿದು ಜಗಲಿ ಮೇಲೆ ಶತಪಥ ಹಾಕ್ತಿದ್ರು. "ಸಾಯಂಕಾಲ ಎರಡೂ ವಾಪಸ್ ಕೊಡಬೇಕು ಕಣೆ, ತೀರ್ಮಾನವೇ ಆಗ್ತಿಲ್ಲ."

ನಮ್ಮತ್ತೆ ಅವರೇಕಾಯಿ ಸುಲೀತಾ ಕೂತಿದ್ದವರು, "ಇದಕ್ಯಾಕ್ಲಾ ಇಷ್ಟು ಒದ್ದಾಡ್ತೀಯ? ಬಸವಣ್ಣನ ಮುಂದಿಟ್ಟು ಹೂ ಕೇಳು. ಬೋರ್‌ವೆಲ್ ಪಾಯಿಂಟೇ ಕೇಳಿಲ್ವಾ?" ಅಂದ್ರು.

ನಮ್ಮ ಕಡೆ ಇದು ಉಂಟು. ಮನಸ್ಸು ಎರಡಾದಾಗ ದೇವರ ಎರಡೂ ಕಡೆ ನೀರಲ್ಲಿ ಅದ್ದಿದ ಹೂ ಅಂಟಿಸಿ ಕಾಯೋದು. ಯಾವ ಕಡೆ ಬೀಳ್ತದೋ ಅದೇ ಅಪ್ಪಣೆ. ಎಲ್ಲರೂ ಗುಡಿಗೆ ಹೋದ್ವಿ. ಜರ್ಸಿ ನನ್ನ ಕೈಲಿ ಇರಲಿ ಅಂದೆ, ಅಕ್ಕನ ಫೋನ್ ಬರ್ತದೆ ಅಂದೆ, ಯಾರು ಕೇಳ್ತಾರೆ? "ದೇವ್ರ ಮುಂದೆ ಬರೀ ಎಚ್ಚೆಫ್ ಇಟ್ರೆ ಮೋಸ ಆಗಲ್ವಾ?" ಅಂತ ಇವರು ಕಸ್ಕೊಂಡು, ಗುಡಿಲಿ ಸದ್ದಾಗಬಾರದು ಅಂತ ರಿಂಗ್ ಆಫ್ ಮಾಡಿ, ಪೂಜಾರಪ್ಪನ ಕೈಗೆ ಕೊಟ್ಟೇಬಿಟ್ರು.

ಪೂಜಾರಪ್ಪ ಎರಡನ್ನೂ ಹಿತ್ತಾಳೆ ತಟ್ಟೇಲಿಟ್ಟು, ಕುಂಕುಮ ಹಚ್ಚಿ, "ಏನಂತ ಕೇಳ್ಕಳ್ಳಿ?" ಅಂದ್ರು.

"ಬಲಕ್ಕೆ ಬಿದ್ರೆ ಎಚ್ಚೆಫ್, ಎಡಕ್ಕೆ ಬಿದ್ರೆ ಜರ್ಸಿ."

ಪೂಜಾರಪ್ಪ ಇವರನ್ನ ಮೇಲಿಂದ ಕೆಳಗೆ ನೋಡಿದ್ರು. "ಬಸವಣ್ಣನ್ನ ಸೀಮೆಹಸದ ವಿಷಯ ಕೇಳ್ತೀಯೇನಯ್ಯಾ?"

ಕೈ ಮುಗಿದು ನಿಂತ್ವಿ. ಹೂ ಅಲ್ಲಾಡಲ್ಲ. ಇವರು ತುಟಿ ಕಚ್ಚಿಕೊಂಡು ಒಂದು ಹೂ ನೋಡ್ತಾರೆ, ಇನ್ನೊಂದು ಹೂ ನೋಡ್ತಾರೆ. ನನ್ನ ಕಾಲು ಗುಡಿಯ ಕಲ್ಲನ್ನೇ ತುಳೀತಾ ಇದೆ. "ಅಪ್ಪಾ ಬಸವಣ್ಣ, ಯಾವುದಾದ್ರೂ ಒಂದು ಬೀಳಿಸಪ್ಪ, ನಾನು ಹೋಗ್ಬೇಕು" ಅಂತ ಬಾಯಿ ಬಿಟ್ಟೇ ಹೇಳಿದೆ. ಪೂಜಾರಪ್ಪ ಮಂಗಳಾರತಿ ಹಚ್ಚಿ ಬಸವಣ್ಣನ ಮುಖದ ಹತ್ರ ತಂದ್ರು.

ಅಷ್ಟರಲ್ಲಿ ಹಿತ್ತಾಳೆ ತಟ್ಟೆ "ಗರ್ರ್ರ್" ಅಂತ ಗುಟುರು ಹಾಕ್ತು.

ಪೂಜಾರಪ್ಪ "ಶಿವಶಿವಾ!" ಅಂತ ಹಾರಿದ ರಭಸಕ್ಕೆ ಅವರ ಮೊಣಕೈ ಬಸವಣ್ಣನಿಗೆ ಬಡಿದು, ಎರಡೂ ಹೂ ಒಟ್ಟಿಗೆ ಬಿದ್ವು. ನಮ್ಮತ್ತೆ ಗಲ್ಲ ಗಲ್ಲ ಬಡ್ಕೊಂಡ್ರು. ಇವರು, "ಎರಡೂ ತಗೋ ಅಂತಾನಾ ಪೂಜಾರಪ್ಪ?" ಅಂದ್ರು. "ಎರಡೂ ಬೇಡ, ಮನೆಗೋಗು ಅಂತ!" ಅಂದ್ರು ಅವರು.

ನನಗೆ ಅದ್ಯಾವುದೂ ಬೇಕಿರಲಿಲ್ಲ. ತಟ್ಟೆಗೆ ಕೈ ಹಾಕಿ, ಗಡಗಡ ನಡುಗ್ತಿದ್ದ ಜರ್ಸಿ ಎತ್ಕೊಂಡೆ. ಅರಕಲಗೂಡಿನ ಅಕ್ಕನ ವಿಡಿಯೋ ಕಾಲು. ನನ್ನ ಹಿಂದೆ ದೀಪ, ಕರ್ಪೂರದ ಹೊಗೆ, ಬಸವಣ್ಣ, ಕೈ ಮುಗಿದ ಅತ್ತೆ. ಫೋನಿನ ಮೇಲಿದ್ದ ಕುಂಕುಮ ಕೈಗಂಟಿ, ಬೆವರು ಒರೆಸ್ಕೊಂಡಾಗ ನನ್ನ ಹಣೆಗೂ ಮೂಗಿಗೂ ಮೆತ್ತಿತ್ತು. ಅಕ್ಕ ಅದನ್ನೆಲ್ಲ ನೋಡಿ ಅಲ್ಲಿಂದಲೇ ಕೈ ಮುಗಿದ್ರು.

"ಅಯ್ಯೋ ನನ್ನವ್ವ! ನನ್ ಮಗಳ ಮದ್ವೆ ಬಟ್ಟೆಗೆ ಕತ್ತರಿ ಹಾಕೋಕ್ ಮುಂಚೆ ದೇವ್ರ ಅಪ್ಪಣೆ ಕೇಳೋಕ್ ಹೋಗಿದೀಯಾ? ಹಾಸನದೋರು ಯಾರು ಇಂಗ್ ಮಾಡ್ತಾರೆ? ಎಲ್ಲಾ ಬ್ಲೌಸೂ ನಿಂದೇ ಕಣಮ್ಮ, ಇನ್ ಮಾತಿಲ್ಲ!"

ನಾನು ಅಲ್ಲೇ ಅತ್ತುಬಿಟ್ಟೆ. ಇಲ್ಲ ಅಕ್ಕ, ಇದು ಬೇರೆ ವಿಷಯ ಅಂತ ಹೇಳೋಕೆ ಬಾಯಿ ತೆಗೆದ ನಮ್ಮೆಜಮಾನ್ರ ಕಾಲು ಜೋರಾಗಿ ತುಳಿದೆ. ಮೆಷಿನ್ ತುಳಿದ ಕಾಲು, ಅವರು ಎರಡು ದಿನ ಕುಂಟಿದ್ರು.

ಆ ಫೋನ್ ನಾನು ಇವತ್ತಿಗೂ ವಾಪಸ್ ಕೊಟ್ಟಿಲ್ಲ. "ಬಸವಣ್ಣ ಕೊಟ್ಟಿದ್ದು" ಅಂತ ಮೈದುನನಿಗೆ ಹೇಳಿ, "ನಿನಗೆ ನಿಮ್ಮಣ್ಣ ಹೊಸದು ಕೊಡಿಸ್ತಾರೆ, ಅಲ್ಲಿ ತನಕ ನನ್ನ ಹಳೇದು ಇಟ್ಕೊ" ಅಂದೆ. ನಾದಿನೀರ ಬ್ಲೌಸು ಸಮೇತ ಮದುವೆ ಮುಗೀತು. ಇವರಿನ್ನೂ ತಮ್ಮನಿಗೆ ಅಂತ ಎರಡು ಮಾಡೆಲ್ ಹಿಡಿದು ಹೋಲಿಸ್ತಾ ಇದಾರೆ.

ಮೊನ್ನೆ ಮೈದುನ ಓಡೋಡಿ ನನ್ನಂಗಡಿಗೆ ಬಂದ. "ಅತ್ಗೆ, ಹೆಣ್ಣಿನ ಮನೆಯೋರು ಫೋಟೋ ಕಳ್ಸವ್ರೆ. ನೆನ್ನೆಯಿಂದ ಮೂಗಿನ ತನಕ ಬಂದು ನಿಂತದೆ. ಸಂಜೆ ಒಳಗೆ ಒಪ್ಪಿಗೇನೋ ಇಲ್ವೋ ಹೇಳ್ಬೇಕಂತೆ. ಏನ್ ಮಾಡ್ಲಿ?"

"ಮೂಗು ಹೆಂಗದೆ?"

"ಚೆಂದಾಗದೆ."

"ನಿಮ್ಮಣ್ಣನಿಗೆ ಗೊತ್ತಾಗೋ ಮುಂಚೆ ಒಪ್ಕೊಂಡ್ಬಿಡಪ್ಪ" ಅಂದೆ. "ಇಲ್ಲಾಂದ್ರೆ ಇನ್ನೊಂದು ಮೂಗು ನೋಡಾಣ ಅಂತಾರೆ."