ಹಜ್ಜಮ್ಮ ದೇಶದಲ್ಲಿಲ್ಲ

ನಮ್ಮ ಕಡೆಯ ತಾಲ್ಲೂಕು ಕಚೇರಿಗಳಲ್ಲಿ ಇಂಥದ್ದು ನಡೆಯದ ವರ್ಷವೇ ಇಲ್ಲ. ಕಣ್ಣೆದುರು ನಿಂತ ಮನುಷ್ಯನನ್ನು ಬಿಟ್ಟು ಫೈಲಿನಲ್ಲಿ ಅವನನ್ನು ಹುಡುಕುತ್ತಾರೆ. ತೊಂಬತ್ತರ ದಶಕದಲ್ಲಿ ಒಮ್ಮೆ ಮತದಾರರ ಪಟ್ಟಿ ತಿದ್ದುವಾಗ ಮೇಲಿನಿಂದ ಆದೇಶ ಬಂತು: ವಿದೇಶಕ್ಕೆ ಹೋಗಿ ಅಲ್ಲೇ ಉಳಿದವರ ಹೆಸರು ತೆಗೆಯಿರಿ, ವಿಮಾನ ನಿಲ್ದಾಣದ ದಾಖಲೆಯ ಜೊತೆ ತಾಳೆ ನೋಡಿ. ಅದು ಯಾರಿಗೂ ಸರಿಯಾಗಿ ಅರ್ಥವಾಗಲಿಲ್ಲ. ಚಿಂತಾಮಣಿಯಲ್ಲಿ ಒಬ್ಬ ಗುಮಾಸ್ತ, ಆಂಧ್ರದ ಮದನಪಲ್ಲಿಯಿಂದ ಆ ಊರಿಗೆ ಮದುವೆಯಾಗಿ ಬಂದ ಹೆಣ್ಣುಮಗಳ ಹತ್ತಿರ ಪಾಸ್‌ಪೋರ್ಟ್ ಕೇಳಿದ. "ನಾನು ಬಸ್ಸಲ್ಲಿ ಬಂದಿದ್ದು ಸಾರ್" ಅಂದಳಂತೆ ಅವಳು.

ಶಿಡ್ಲಘಟ್ಟದಲ್ಲಿ ಸಿಕ್ಕಿಬಿದ್ದದ್ದು ನಮ್ಮ ಬೀದಿಯ ಹಜ್ಜಮ್ಮ.

೧. ಹೆಬ್ಬೆಟ್ಟು

ಹಜ್ಜಮ್ಮನಿಗೆ ಎಪ್ಪತ್ತು ದಾಟಿತ್ತು. ಜೀವಮಾನವೆಲ್ಲ ರೇಷ್ಮೆಗೂಡು ಬೇಯಿಸಿ ನೂಲು ತೆಗೆದು, ಕೂಡಿಟ್ಟು, ಹಜ್ ಯಾತ್ರೆ ಮಾಡಿ ಬಂದಿದ್ದರು. ಬಂದು ಮೂರು ವರ್ಷವಾಗಿತ್ತು. ಒಂದು ದಿನ ಕಚೇರಿಯ ಜವಾನ ಅವರ ಬಾಗಿಲಿಗೆ ನೋಟಿಸು ತಂದ. ನಾನು ಓದಿ ಹೇಳಿದೆ: "ಸದರಿಯವರು ವಿದೇಶಕ್ಕೆ ತೆರಳಿದ್ದು, ವಾಪಸು ಬಂದಿರುವುದು ಕಂಡುಬಾರದ ಕಾರಣ ಹೆಸರನ್ನು ಮತದಾರರ ಪಟ್ಟಿಯಿಂದ ತೆಗೆದುಹಾಕಲಾಗಿದೆ."

"ನಾನು ಇಲ್ಲೇ ಇದೀನಲ್ಲಪ್ಪ!"

"ಅದೆಲ್ಲ ನಂಗೊತ್ತಿಲ್ಲಮ್ಮ. ನೋಟಿಸು ಮುಟ್ತು ಅಂತ ಹೆಬ್ಬೆಟ್ಟು ಒತ್ತಿ" ಅಂದ ಜವಾನ.

ಕುದಿನೀರಿನಲ್ಲಿ ಅದ್ದಿ ಅದ್ದಿ ಸವೆದ ಬೆರಳು. ಮೂರು ಸಲ ಒತ್ತಿದರೂ ಗುರುತು ಮೂಡಲಿಲ್ಲ. ಜವಾನನಿಗೆ ರೇಗಿತು: "ಸರಿಯಾಗಿ ಒತ್ತಮ್ಮ. ಇಲ್ಲಾಂದ್ರೆ ನೀವು ಮನೇಲಿರಲಿಲ್ಲ ಅಂತ ಬರ್ಕೊಂಡು ಹೋಗಬೇಕಾಗತ್ತೆ."

ಅವನು ಹೋದಮೇಲೆ ಹಜ್ಜಮ್ಮ ನನ್ನನ್ನು ಕೇಳಿದರು: "ಬೇಟಾ, ಇವತ್ತು ಓಟು ತೆಗೆದ್ರು. ನಾಳೆ ರೇಷನ್ ಕಾರ್ಡು. ಆಮೇಲೆ ಎದ್ದು ಹೋಗು ಅಂದ್ರೆ ಎಲ್ಲಿಗೆ ಹೋಗ್ಲಿ?"



೨. ಬಂದ ಚೀಟಿ

ಮಾರನೆಯ ದಿನ ಅವರನ್ನು ಕರೆದುಕೊಂಡು ಹೋಗಿ ತಾಲ್ಲೂಕು ಕಚೇರಿಯ ಅಧಿಕಾರಿಯ ಮೇಜಿನ ಮೇಲೆ ಪಾಸ್‌ಪೋರ್ಟ್ ಬಿಚ್ಚಿಟ್ಟೆ. ಬೊಂಬಾಯಿಗೆ ವಾಪಸು ಬಂದ ಮುದ್ರೆ ಢಾಳಾಗಿತ್ತು.

ಅಧಿಕಾರಿ ಪಾಸ್‌ಪೋರ್ಟನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದು ನಿಮ್ಮ ಹತ್ರ ಇರೋ ದಾಖಲೆ. ವಿಮಾನ ನಿಲ್ದಾಣದಿಂದ ನಮಗೆ ಬಂದಿರೋದ್ರಲ್ಲಿ ಹೋದ ಚೀಟಿ ಇದೆ, ಬಂದ ಚೀಟಿ ಇಲ್ಲ."

"ಸ್ವಾಮಿ, ನಿಮ್ಮ ಮುಂದೆ ನಿಂತಿರೋರು ಯಾರು ಮತ್ತೆ?"

"ನನಗೆ ಕಾಣ್ತಾರಪ್ಪ. ಫೈಲಿಗೆ ಕಾಣಬೇಕಲ್ಲ!"

೩. ಕೋಲಾರ

ವಾಪಸು ಬಂದಿದ್ದಾರೆ ಅಂತ ಪೊಲೀಸರಿಂದ ಪತ್ರ ತರಬೇಕಂತೆ. ಜಿಲ್ಲಾ ಕೇಂದ್ರ ಆಗ ಕೋಲಾರ. ಬಸ್ಸು ಹತ್ತಿ ಹೋದೆವು. ಅಲ್ಲಿ ಪೊಲೀಸ್ ಕಚೇರಿಯ ವಿದೇಶಿಯರ ವಿಭಾಗದವನು ದಪ್ಪ ರಿಜಿಸ್ಟರು ತೆಗೆದು ಪೆನ್ನು ಹಿಡಿದ.

"ಯಾವ ದೇಶ?"

"ಶಿಡ್ಲಘಟ್ಟ" ಅಂದರು ಹಜ್ಜಮ್ಮ.

ಅವನು ಪೆನ್ನು ಮುಚ್ಚಿದ. "ನಮ್ಮೋರು ನಮ್ಮೂರಿಗೆ ಬಂದ್ರೆ ಬರ್ಕೊಳ್ಳೋಕೆ ರಿಜಿಸ್ಟರಿಲ್ಲಮ್ಮ. ನೀವು ಬೇರೆ ದೇಶದವರಾಗಿದ್ರೆ ಇವತ್ತೇ ಮಾಡಿಕೊಡ್ತಿದ್ದೆ."

೪. ಹದಿನೆಂಟು

ಅಷ್ಟು ಹೊತ್ತಿಗೆ ಅರ್ಜಿ ಬರೆದು ಬರೆದು ಸಾಕಾಗಿತ್ತು. ನಮ್ಮ ಕಡೆಯ ನಲವತ್ತು ಜನ ಹೆಂಗಸರು ನೂಲಿನ ಕೆಲಸ ಬಿಟ್ಟು ಬಂದು ತಾಲ್ಲೂಕು ಕಚೇರಿಯ ಮೆಟ್ಟಿಲ ಮೇಲೆ ಕೂತರು. ಒಳಗಿದ್ದವರಿಗೆ ಹೊರಗೆ ಬರಲಾಗಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಅಧಿಕಾರಿಗೆ ಕಾನೂನು ಹೊಳೆಯಿತು: "ತೆಗೆದ ಹೆಸರು ವಾಪಸು ಹಾಕೋಕಾಗಲ್ಲ. ಹೊಸ ಮತದಾರರು ಅಂತ ಸೇರಿಸ್ತೀನಿ. ಎದ್ದೇಳಿ ತಾಯಂದಿರಾ."

ಆ ವರ್ಷ ಹೊಸದಾಗಿ ಸೇರಿದವರೆಲ್ಲ ಕಾಲೇಜು ಹುಡುಗ ಹುಡುಗಿಯರು. ಗುಮಾಸ್ತ ಮೊದಲನೆಯವನ ಮುಂದೆ ವಯಸ್ಸು ಬರೆದು, ಕೆಳಗೆಲ್ಲ ಡಿಟ್ಟೋ ಗುರುತು ಹಾಕುತ್ತಾ ಹೋದ. ಕೊನೆಯ ಹೆಸರು ಹಜ್ಜಮ್ಮನದು. ಅವರಿಗೂ ಡಿಟ್ಟೋ ಬಿತ್ತು.

ಇದು ನಮಗೆ ಗೊತ್ತಾದದ್ದು ಚುನಾವಣೆಯ ದಿನ. ಪಕ್ಷೇತರನೊಬ್ಬನ ಏಜೆಂಟಾಗಿ ನಾನು ಬೂತಿನೊಳಗೆ ಕೂತಿದ್ದೆ. ಹಜ್ಜಮ್ಮ ಕೋಲೂರಿಕೊಂಡು ಬಂದರು. ಮತಗಟ್ಟೆಯ ಸಿಬ್ಬಂದಿಯೊಬ್ಬಳು ಪಟ್ಟಿ ಓದಿದಳು: "ಹೆಣ್ಣು. ವಯಸ್ಸು ಹದಿನೆಂಟು."

ಎದುರು ಪಕ್ಷದ ಏಜೆಂಟು ಹಾರಿಬಿದ್ದ. "ಆಕ್ಷೇಪಣೆ ಇದೆ ಸಾರ್! ಇದು ಇವರ ಮೊಮ್ಮಗಳ ಓಟಿರಬೇಕು!"

ಮತಗಟ್ಟೆ ಅಧಿಕಾರಿ ಪಟ್ಟಿ ನೋಡಿದರು, ಹಜ್ಜಮ್ಮನ ಮುಖ ನೋಡಿದರು, ಮತ್ತೆ ಪಟ್ಟಿ ನೋಡಿದರು. ನಾನು ಜಗಳಕ್ಕೆ ತೋಳೇರಿಸುವಷ್ಟರಲ್ಲಿ ಅವರು ಕೇಳಿಯೇಬಿಟ್ಟರು: "ಏನಮ್ಮಾ, ನಿಮಗೆ ಹದಿನೆಂಟಾ?"

ಹಜ್ಜಮ್ಮ ಸೆರಗು ಸರಿಮಾಡಿಕೊಂಡು ಹೇಳಿದರು: "ಹಜ್ ಮಾಡಿ ಬಂದೋರು ಆಗತಾನೆ ಹುಟ್ಟಿದ ಮಗು ಥರ ಅಂತಾರೆ ಸಾಹೇಬ್ರೇ, ನಮ್ಮಲ್ಲಿ. ಆ ಲೆಕ್ಕದಲ್ಲಿ ನಂಗೆ ಮೂರು ವರ್ಷ. ಹದಿನೆಂಟು ಅಂತ ಬರೆದಿದಾರಲ್ಲ, ಸರ್ಕಾರದೋರು ಜಾಸ್ತೀನೇ ಕೊಟ್ಟಿದಾರೆ. ಶಾಯಿ ಹಚ್ಚಿ."

ಹಚ್ಚಿದರು.